ಮೂವರ ಜಗ್ಗಿಗೆ ನಾನು ಹಾಕಿಸಿದ ಸೊಪ್ಪು

ಅಸುನ್ಸಿಯೋನ್, ಡಿಯೊಲಿಂಡಾಳ ಮನೆ
ಜನವರಿ, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳು ಸುನಿಲ್ಡಾಗೆ,

ನೀನು ಹೇಗಿದ್ದೀಯಮ್ಮ? ಇಲಾರಿಯೊನ ಸೊಂಟನೋವು ಇಳಿಯಿತೇ, ಇಲ್ಲ ಇನ್ನೂ ಪಟ್ಟಿ ಬಿಗಿದುಕೊಂಡೇ ಗಾರೆಕೆಲಸಕ್ಕೆ ಹೋಗುತ್ತಿದ್ದಾನೆಯೇ? ಮಿರ್ನಾಳ ಕೆಮ್ಮು ನಿಂತಿತೇ? ನೀನು ನೋಡಿಕೊಳ್ಳುವ ದೋನ್ಯಾ ಎಲ್ವೀರಾ ಈಗಲೂ ಊಟದ ತಟ್ಟೆ ದೂಡುತ್ತಾರೆಯೇ? ನಾನು ಚೆನ್ನಾಗಿದ್ದೇನೆ. ಡಿಯೊಲಿಂಡಾ ಚೆನ್ನಾಗಿದ್ದಾಳೆ. ನಿನ್ನ ಅಮ್ಮನ ವಿಷಯವನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ಬರೆದು ಮುಗಿಸಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ಅವಳು ಬದುಕಿದ್ದಾಳೆ. ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ, ಗೊರಕೆ ಈ ಮೇಜಿನವರೆಗೂ ಕೇಳಿಸುತ್ತಿದೆ. ಆದರೆ ಹೋದ ಗುರುವಾರ ಅವಳು ಸಾಯುವ ಹತ್ತಿರಕ್ಕೆ ಹೋಗಿ ಬಂದಳು. ಅಲ್ಲಿಗೆ ಕಳಿಸಿದ್ದು ನನ್ನ ಕೈ. ಭಾನುವಾರ ನೀನು ಫೋನ್ ಮಾಡಿದಾಗ 'ಅಮ್ಮ ಚರ್ಚಿಗೆ ಹೋಗಿದ್ದಾಳೆ ಕಣಮ್ಮ' ಎಂದೆನಲ್ಲ, ಅದು ಸುಳ್ಳು. ಆಗ ಅವಳು ಆಸ್ಪತ್ರೆಯಲ್ಲಿದ್ದಳು. ಈಗ ಕೂತುಕೊಂಡು ಪೂರ್ತಿ ಓದು. ಮುಗಿಯುವವರೆಗೆ ಫೋನಿನ ಹತ್ತಿರ ಹೋಗಬೇಡ. ಓದಿದ ಮೇಲೆ ನೀನು ಒಂದು ತೀರ್ಮಾನ ಮಾಡಬೇಕು. ನಿನ್ನ ಅಮ್ಮನನ್ನು ಇನ್ನು ಮುಂದೆ ನನ್ನ ಕೈಗೆ ಒಪ್ಪಿಸಬಹುದೋ ಬಾರದೋ ಎನ್ನುವುದನ್ನು. ಅವಳು ಒಪ್ಪಿಸಬಹುದು ಅನ್ನುತ್ತಾಳೆ. ಅವಳ ಮಾತಿನ ಮೇಲೆ ನಾನು ಹೂಂ ಅನ್ನಲಾರೆ. ನಡೆದದ್ದು ನಿನಗೆ ಗೊತ್ತಿರಬೇಕು, ಆಮೇಲೆ ಮಾತು.

ನಾವು ಬಂದದ್ದು ಮೂರು ರಾಜರ ಹಬ್ಬ ಕಳೆದ ಮೇಲೆ, ಗುರುವಾರದ ಬಸ್ಸಿನಲ್ಲಿ. ನಲವತ್ತು ವರ್ಷ ಮೂವರೂ ಕರಪೆಗುವಾದಲ್ಲಿ ಒಂದೇ ಸೂರಿನ ಕೆಳಗೆ ತೂಗುಮಂಚ ನೇಯ್ದವರು. ಡಿಯೊಲಿಂಡಾ ಇಳಿವಯಸ್ಸಿನಲ್ಲಿ ಮದುವೆಯಾಗಿ ರಾಜಧಾನಿ ಸೇರಿದಾಗಿನಿಂದ 'ಬನ್ರೇ, ಹತ್ತು ದಿನ ಏನೂ ಮಾಡದೆ ಕೂರೋಣ' ಎಂದು ಕರೆಯುತ್ತಲೇ ಇದ್ದಳು. ನಮಗೇ ಆಗಿರಲಿಲ್ಲ. ಈ ಸಲ ನಿನ್ನ ಅಮ್ಮ ಮಗ್ಗದ ಚೌಕಟ್ಟಿಗೆ ಹಳೆ ಚಾದರ ಹೊದಿಸಿ, ಕೋಳಿಗಳನ್ನು ಎದುರುಮನೆಗೆ ಒಪ್ಪಿಸಿ, ಬಾಗಿಲಿಗೆ ಬೀಗ ಹಾಕಿ, ಬೀದಿಯಲ್ಲಿ ನಿಂತು ನನ್ನನ್ನು ಕೂಗಿದಳು: "ಪೋರ್ಫಿರಿಯಾ, ಬರ್ತೀಯೋ ಇಲ್ಲ ನಾನೊಬ್ಬಳೇ ಹೋಗಿ ದೊಡ್ಡಸ್ತಿಕೆ ಮಾಡಲೋ?"

ಮೊದಲ ಮೂರು ದಿನ ಹೇಗೆ ಕಳೆದೆವು ಅಂತೀಯ. ಈ ಮನೆಯ ಹಿತ್ತಲಲ್ಲಿ ಎರಡು ಮಾವಿನಮರ ಇವೆ, ನಿನಗೆ ಗೊತ್ತು. ತಗಡಿನ ಸೂರಿನ ಮೇಲೆ ಹಣ್ಣು ಧಡ್ ಅಂತ ಬೀಳುತ್ತಿತ್ತು, ಪ್ರತಿ ಸಲವೂ ಡಿಯೊಲಿಂಡಾ 'ಬನ್ನಿ ಒಳಗೆ' ಅನ್ನುತ್ತಿದ್ದಳು, ಪ್ರತಿ ಸಲವೂ ನಾವು ನಗುತ್ತಿದ್ದೆವು. ಬೆಳಿಗ್ಗೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಇಸ್ಪೀಟು. ಮಧ್ಯಾಹ್ನ ಕೋಳಿಸಾರು, ಬೇಯಿಸಿದ ಮರಗೆಣಸು, ಆಮೇಲೆ ನಿದ್ದೆ. ನಾಲ್ಕಕ್ಕೆ ಬಿಸಿ ಚೀಪಾ ರೊಟ್ಟಿ ಮಾರುವವಳ ಕೂಗು. ಸಂಜೆ ಕುರ್ಚಿಗಳನ್ನು ಬೀದಿಬದಿಗೆ ಎಳೆದುಕೊಂಡು ಹೋಗಿಬರುವವರ ನಡಿಗೆ, ಚಪ್ಪಲಿ, ಗಂಡಂದಿರು, ಎಲ್ಲದರ ಮೇಲೂ ಮೂವರ ತೀರ್ಪು. ನಿನ್ನ ಅಮ್ಮ ಇಸ್ಪೀಟಿನಲ್ಲಿ ಮೋಸ ಮಾಡುತ್ತಾಳೆ ಎಂದು ನಿನಗೆ ಗೊತ್ತೇ? ತೊಡೆಯ ಕೆಳಗೆ ಎಲೆ ಅಡಗಿಸಿಕೊಳ್ಳುತ್ತಾಳೆ. "ಏಳೇ, ಏಳು, ಕೂತ ಜಾಗ ತೋರ್ಸು" ಎಂದು ಡಿಯೊಲಿಂಡಾ ಹಟ ಹಿಡಿದರೆ, "ವಯಸ್ಸಾದೋಳನ್ನ ಎಬ್ಬಿಸ್ತೀಯ, ದೇವರು ನೋಡ್ಕೋತಾನೆ" ಅನ್ನುತ್ತಾಳೆ. ಇಬ್ಬರಿಗೂ ವಯಸ್ಸಿನಲ್ಲಿ ಐದು ತಿಂಗಳ ಅಂತರ.

ಇದರ ಮಧ್ಯೆ, ಬೆಳಿಗ್ಗೆ ಒಂಬತ್ತರಿಂದ ಊಟದ ಹೊತ್ತಿನವರೆಗೆ ತಣ್ಣನೆಯ ತೆರೆರೆ ಕುಡಿಯುವುದು. ಮೂವರಲ್ಲಿ ಚಿಕ್ಕವಳು ನಾನಾದ್ದರಿಂದ ಸುರಿಯುವ ಕೆಲಸ ಅರವತ್ತಾರರಲ್ಲೂ ನನ್ನದೇ. ಕೊಂಬಿನ ಲೋಟಕ್ಕೆ ಯೆರ್ಬಾ ಪುಡಿ ತುಂಬಿ, ಕೊಳವೆ ನೆಟ್ಟು, ಮೊದಲ ಸುರಿತವನ್ನು ಸಂತ ತೋಮನಿಗೆ ಬಿಟ್ಟು, ಆಮೇಲೆ ಒಬ್ಬೊಬ್ಬರಿಗೂ ಸರದಿಯಂತೆ. ಜಗ್ಗಿನ ಮಂಜುಗಡ್ಡೆ ನೀರಿಗೆ ಬೇಕಾದ ಸೊಪ್ಪು ತರುವವಳೂ ನಾನೇ. ಈ ಬೀದಿಯ ಮೂಲೆಯಲ್ಲಿ ನ್ಯಾ ಇಸಿದೋರಾ ಕಲ್ಲಿನ ಒರಳು ಇಟ್ಟುಕೊಂಡು ಕೂರುತ್ತಾಳೆ. ಯಾರಿಗೆ ಏನು ಕಾಯಿಲೆ ಎಂದು ಕೇಳುತ್ತಾಳೆ. ನನ್ನ ಮಂಡಿ, ಡಿಯೊಲಿಂಡಾಳ ಹೊಟ್ಟೆಯುಬ್ಬರ, ನಿನ್ನ ಅಮ್ಮನ ನಿದ್ದೆ, ಎಲ್ಲಕ್ಕೂ ಒಂದೊಂದು ಚಿಟಿಕೆ ಕಿತ್ತು, ಒಟ್ಟಿಗೇ ಜಜ್ಜಿ, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಾಳೆ. ಒಂದೇ ಜಗ್ಗು, ಒಂದೇ ಕೊಳವೆ. ನಲವತ್ತು ವರ್ಷದಿಂದ ಒಬ್ಬರ ಮದ್ದು ಇನ್ನೊಬ್ಬರು ಕುಡಿದೇ ಬಂದಿದ್ದೇವೆ, ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಿದ್ದೇ ಇಲ್ಲ.

ಭಾನುವಾರ ಸಂಜೆ ಪೇಟೆಬೀದಿಗೆ ಹೋದೆವು, ಅಂಗಡಿಯ ಗಾಜು ನೋಡಲು. ಒಂದು ಅಂಗಡಿಯ ಮುಂದೆ ತೂಗುಮಂಚ ನೇತುಹಾಕಿದ್ದರು, ಪರಊರಿನವರಿಗೆ ಮಾರುವುದು. ನಿನ್ನ ಅಮ್ಮ ಸುಮ್ಮನೆ ಹೋಗಬೇಕಲ್ಲ. ಅಂಚಿನ ಕುಚ್ಚನ್ನು ಹಿಡಿದು ಎಳೆದಳು.

"ಇದು ಕೈಮಗ್ಗದ್ದಂತಾ?"

"ಹೌದು ಅಜ್ಜಿ, ಕರಪೆಗುವಾದ್ದು. ಅಜ್ಜಿಯರೇ ನೇಯೋದು" ಎಂದಳು ಅಂಗಡಿಯ ಹುಡುಗಿ.

"ಯಾವ ಅಜ್ಜಿ? ಹೆಸರು ಹೇಳು."

"ಅದೆಲ್ಲ ನನಗೇನು ಗೊತ್ತು, ತಗೊಳೋ ಹಾಗಿದ್ರೆ ತಗೊಳಿ."

"ಇದನ್ನ ನೇಯ್ದ ಅಜ್ಜಿಗೆ ಎಂಜಿನ್ ಇದೆ ಕಣೇ ಹುಡುಗಿ. ಈ ಗಂಟು ನೋಡು, ಮೂರು ತಿಂಗಳಿಗೆ ಬಿಚ್ಚಿ ಯಾರದಾದ್ರೂ ಸೊಂಟ ಮುರಿಯತ್ತೆ."

ಹುಡುಗಿ ಒಳಗಿನವರನ್ನು ಕರೆದಳು, ನಿನ್ನ ಅಮ್ಮ ಇನ್ನೂ ಎರಡು ಮಂಚಗಳ ಗಂಟು ಹುಡುಕಿದಳು, ಡಿಯೊಲಿಂಡಾ ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು. ಅಲ್ಲಿಂದ ಹತ್ತು ಹೆಜ್ಜೆ ಬಂದಿರಬಹುದು, ನಿನ್ನ ಅಮ್ಮ ಒಂದು ಮೆಟ್ಟಿಲ ಮೇಲೆ ಕುಸಿದಂತೆ ಕೂತಳು. ಮುಖ ಕೆಂಡದಂತಿತ್ತು. ಕಿವಿಯ ಹಿಂದಿನ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು.

"ಏನೇ ಹಂಗೆ ನೋಡ್ತೀಯ? ನನ್ನ ಮುಖದಲ್ಲೇನು ಸಂತೆ ನೆರೆದಿದ್ಯಾ?" ಅಂದಳು.

"ಕೊಮಾದ್ರೆ, ನಿನ್ನ ಬಿಪಿ—" ಎಂದೆ. ನಿನ್ನ ಜ್ಞಾನಸ್ನಾನದ ದಿನದಿಂದ ನಾನು ಅವಳನ್ನು ಕರೆಯುವುದೇ ಹಾಗೆ.

"ನನ್ನ ಬಿಪಿ ನನ್ನ ಹತ್ರ ಇದೆ. ನಿನ್ನ ಮಂಡಿ ನೋಡ್ಕೋ."

ಹೋದ ವರ್ಷ ನಮ್ಮೂರ ಆರೋಗ್ಯಕೇಂದ್ರದ ನರ್ಸ್ ಅವಳ ತೋಳಿಗೆ ಪಟ್ಟಿ ಸುತ್ತಿ, ಮುಖ ಗಂಟಿಕ್ಕಿ, ಮಾತ್ರೆ ಬರೆದುಕೊಟ್ಟಾಗ ನಾನು ಪಕ್ಕದಲ್ಲೇ ಇದ್ದೆ. ಆ ಚೀಟಿಯನ್ನು ಅವಳು ಅಲ್ಲೇ ಹರಿದಳು. ಏಕೆಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಅಪ್ಪನ ಕೊನೆಯ ವರ್ಷ, ಒಂದು ಚೀಲ ತುಂಬ ಮಾತ್ರೆ ಇತ್ತು. ಅವನನ್ನು ಮಣ್ಣು ಮಾಡಿ ಬಂದ ಸಂಜೆ ಅವಳು ಆ ಚೀಲಕ್ಕೆ ಅಂಗಳದಲ್ಲಿ ಬೆಂಕಿ ಇಟ್ಟಳು. ನೀನು ನನ್ನ ಮಡಿಲಲ್ಲಿ ಮುಖ ಹುದುಗಿಸಿಕೊಂಡಿದ್ದೆ. 'ಇನ್ನು ಈ ಮನೆ ಬಾಗಿಲೊಳಗೆ ಒಂದು ಮಾತ್ರೆ ಬರಬಾರದು' ಎಂದು ಅವಳು ಎಲ್ಲರೆದುರಿಗೂ ಹೇಳಿದ್ದು ನನ್ನ ಕಿವಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದೆ.

ಅದಕ್ಕೇ ಆ ಮೆಟ್ಟಿಲ ಹತ್ತಿರ ನಿಂತು ನಾನೊಂದು ನಿರ್ಧಾರ ಮಾಡಿದೆ. ಇವಳು ಮಾತ್ರೆ ನುಂಗುವವಳಲ್ಲ. ಹೇಳಿದರೆ ಕೇಳುವವಳಲ್ಲ. ಆದರೆ ನಾನು ಸುರಿದು ಕೊಟ್ಟದ್ದನ್ನು ಕುಡಿಯುತ್ತಾಳೆ.

ಸೋಮವಾರ ಬೆಳಿಗ್ಗೆ ನ್ಯಾ ಇಸಿದೋರಾಳ ಹತ್ತಿರ ಹೋಗಿ, ಎಂದಿನ ಸೊಪ್ಪಿನ ಜೊತೆಗೆ ರಕ್ತದ ಒತ್ತಡ ಇಳಿಸುವುದನ್ನೂ ಹಾಕು ಎಂದೆ. ಅವಳು ಒರಳಿನಿಂದ ಕೈ ತೆಗೆದು ನನ್ನನ್ನು ನೋಡಿದಳು.

"ಯಾರಿಗೆ?"

"ನನ್ನ ಕೊಮಾದ್ರೆಗೆ."

"ಕರ್ಕೊಂಡು ಬಾ. ಕಣ್ಣು ನೋಡ್ದೆ ನಾನು ಅದನ್ನ ಕೊಡಲ್ಲ."

"ಅವಳು ಬರಲ್ಲ. ಬಂದ್ರೆ ನಿನ್ನ ಒರಳಿಗೂ ಗಂಟು ಸರಿಯಿಲ್ಲ ಅಂತಾಳೆ."

ಅವಳು ನಗಲಿಲ್ಲ. "ಡಾಕ್ಟರ್ ಮಾತ್ರೆ ಏನಾದ್ರೂ ತಗೋತಾಳಾ? ಸರಿಯಾಗಿ ಯೋಚ್ನೆ ಮಾಡಿ ಹೇಳು" ಎಂದು ಕೇಳಿದಳು.

ಮಗಳೇ, ಕೇಳಿದಳು. ಸ್ಪಷ್ಟವಾಗಿ ಕೇಳಿದಳು. ಆ ಹೆಂಗಸಿನ ಮೇಲೆ ನೀನು ಎಂದೂ ತಪ್ಪು ಹೊರಿಸಬೇಡ. ನಾನು ಯೋಚನೆ ಮಾಡಲೂ ನಿಲ್ಲಲಿಲ್ಲ. "ಅವಳಾ? ಮಾತ್ರೆ ಕೊಟ್ರೆ ಬಾವಿಗೆ ಎಸೀತಾಳೆ" ಎಂದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯೇ ಇತ್ತು, ನಿನ್ನ ಅಮ್ಮನನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲವೆಂದು.

ಅರ್ಧ ಹಿಡಿ ಹಾಕಿ ಕೊಟ್ಟಳು. ಮನೆಗೆ ಬಂದು ಜಗ್ಗಿಗೆ ಇಳಿಬಿಟ್ಟೆ. ಮೊದಲ ಗುಟುಕಿಗೇ ನಿನ್ನ ಅಮ್ಮ ಕೊಳವೆಯಿಂದ ಬಾಯಿ ತೆಗೆದಳು. "ಇದೇನೇ ಇದು, ಬೇರೇನೋ ಇದೆ."

"ನನ್ನ ಮಂಡಿಗೆ. ಹೊಸ ಬೇರು."

"ನಿನ್ನ ಮಂಡಿ ಇಷ್ಟು ಕಹಿ ಅಂತ ಗೊತ್ತಿರಲಿಲ್ಲ."

ಡಿಯೊಲಿಂಡಾ ನಕ್ಕಳು, ನಾನೂ ನಕ್ಕೆ. ಕುಡಿದರು. ಆ ದಿನ, ಮರುದಿನ ಎರಡೂ ದಿನ ನಾನು ಅವಳ ಮುಖವನ್ನೇ ಕಾಯುತ್ತಿದ್ದೆ. ಎಲೆ ಇಳಿಸುವಾಗ, ಮರಗೆಣಸಿನ ನಾರು ತೆಗೆಯುವಾಗ, ಬೀದಿಯಲ್ಲಿ ಕೂತಾಗ. ಕೆಂಪು ಇಳಿದಿತ್ತು. ಕಿವಿಯ ಹಿಂದಿನ ನರ ಸುಮ್ಮನಿತ್ತು. ಮಾತು ಕಡಿಮೆಯಾಗಿತ್ತು, ಅದನ್ನು ನಾನು ಶಾಂತಿ ಅಂದುಕೊಂಡೆ. ಮಂಗಳವಾರ ಊಟದ ನಂತರ ಡಿಯೊಲಿಂಡಾ ಎದ್ದವಳು ಮೇಜು ಹಿಡಿದುಕೊಂಡು, "ಯಾಕೋ ನೆಲ ಓಡ್ತಿದೆ" ಎಂದಳು. ಬಿಸಿಲು ಎಂದೆವು. ಆ ವಾರ ಅಸುನ್ಸಿಯೋನಿನಲ್ಲಿ ಬಿಸಿಲು ಎಂದರೆ ಯಾರೂ ನಂಬುವಂತಿತ್ತು, ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಬುಧವಾರ ನಾನು ಒಂದು ಪೂರ್ತಿ ಹಿಡಿ ಕೇಳಿದೆ. "ಒಳ್ಳೇದಾಗ್ತಿದೆ, ಇನ್ನು ಸ್ವಲ್ಪ" ಎಂದೆ. ನ್ಯಾ ಇಸಿದೋರಾ ಬೇಡವೆಂದಳು. ನಾನು ಬಿಡಲಿಲ್ಲ. "ನನ್ನ ಅಕ್ಕ ಇದ್ದಂಗೆ ಅವಳು, ನನಗೆ ಗೊತ್ತಿಲ್ವಾ" ಎಂದು ಅವಳ ಬುಟ್ಟಿಗೆ ನಾನೇ ಕೈ ಹಾಕಿದೆ. ಅಷ್ಟು ಸಾಲದೆಂದು, ಅಂದೂ ಮರುದಿನವೂ ನನ್ನ ಸರದಿ ಬಂದಾಗಲೆಲ್ಲ ಕುಡಿದಂತೆ ಮಾಡಿ ಅದನ್ನೂ ಅವಳಿಗೇ ದಾಟಿಸಿದೆ.

ಗುರುವಾರ ಹನ್ನೊಂದೂವರೆಗೆ ಇಸ್ಪೀಟು ನಡೆಯುತ್ತಿತ್ತು. ಡಿಯೊಲಿಂಡಾ ಮತ್ತೆ 'ಏಳೇ, ಕೂತ ಜಾಗ ತೋರಿಸು' ಎಂದಳು. ಈ ಸಲ ನಿನ್ನ ಅಮ್ಮ ನಿಜಕ್ಕೂ ಎದ್ದಳು. "ನೋಡು ತಾಯಿ, ನೋಡ್ಕೋ, ಏನಿದೆ" ಎಂದು ಲಂಗ ಕೊಡವಿ ಹಿಂದೆ ತಿರುಗಿದಳು. ಕುರ್ಚಿಯ ಮೇಲೆ ಎಲೆ ಇರಲಿಲ್ಲ. ನಾವು ಕುರ್ಚಿ ನೋಡುತ್ತಿದ್ದೆವು, ಅವಳನ್ನಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ತಲೆ ಬಡಿದ ಸದ್ದು ಕೇಳಿಸಿದಾಗ ಮಾವಿನಹಣ್ಣು ಬಿತ್ತು ಎಂದುಕೊಂಡೆ.

ಎದುರುಮನೆಯವರ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕೈ ಮಂಜುಗಡ್ಡೆ, ತುಟಿ ಬೂದಿಯ ಬಣ್ಣ. ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಒಳಗೆ ಎಳೆದುಕೊಂಡು ಹೋದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಡಾಕ್ಟರಮ್ಮ ಹೊರಗೆ ಬಂದಳು, ನಿನಗಿಂತ ಚಿಕ್ಕವಳು.

"ಬಿಪಿ ಸಿಗ್ತಾನೇ ಇಲ್ಲ. ಹೃದಯದ್ದೋ, ತಲೆ ಒಳಗೆ ರಕ್ತ ಬಂದಿದ್ಯೋ, ಏನಾದ್ರೂ ಕುಡಿದಿದ್ದಾರೋ ಅಂತ ನಮಗೆ ಗೊತ್ತಾಗ್ಬೇಕು. ಯಾವುದು ಅನ್ನೋದರ ಮೇಲೆ ಔಷಧಿ ಬೇರೆ ಬೇರೆ. ಯಾವ ಮಾತ್ರೆ ತಗೋತಾರೆ?"

"ಮಾತ್ರೇನೇ ಮುಟ್ಟಲ್ಲ ಅವಳು" ಎಂದಳು ಡಿಯೊಲಿಂಡಾ.

"ಬೆಳಿಗ್ಗೆಯಿಂದ ಏನು ಕುಡಿದ್ರು?"

"ಏನಿಲ್ಲ ಡಾಕ್ಟರಮ್ಮ, ತೆರೆರೆ ಅಷ್ಟೆ. ನಾವೂ ಕುಡಿದ್ವಿ."

ಡಾಕ್ಟರಮ್ಮ ನನ್ನ ಕಡೆ ನೋಡಿದಳು. ನನ್ನ ಏಪ್ರನ್ ಜೇಬಿನಲ್ಲಿ ಒದ್ದೆ ಸೊಪ್ಪಿನ ಕಟ್ಟು ಇತ್ತು. ಗಾಡಿ ಹತ್ತುವ ಮೊದಲು ಜಗ್ಗಿನಿಂದ ಅದನ್ನು ತೆಗೆದು ಯಾಕೆ ಜೇಬಿಗೆ ಹಾಕಿಕೊಂಡೆನೋ, ಕೈಗೆ ಗೊತ್ತಿತ್ತು, ತಲೆಗೆ ಇನ್ನೂ ಗೊತ್ತಾಗಿರಲಿಲ್ಲ. ನೀರು ತೊಡೆಗೆ ಇಳಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಡಾಕ್ಟರಮ್ಮ ಒಳಗೆ ಹೋದಳು.

ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳುತ್ತೀಯ. ನಾನೂ ಕೇಳಿಕೊಂಡಿದ್ದೇನೆ. ಡಿಯೊಲಿಂಡಾ ನನ್ನ ಕೈ ಹಿಡಿದು ಜಪಮಾಲೆ ಎಣಿಸುತ್ತಿದ್ದಳು, ಆ ಕೈ ಬಿಡುತ್ತಾಳೆ ಎಂಬ ಹೆದರಿಕೆ. ಪೊಲೀಸರು ಬಂದು ನ್ಯಾ ಇಸಿದೋರಾಳ ಒರಳು ಎತ್ತಿಕೊಂಡು ಹೋಗುತ್ತಾರೆ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಸೊಪ್ಪು ಅಷ್ಟು ಮಾಡಲಾರದು, ಇದು ತಲೆಗೆ ಬಿದ್ದ ಏಟು, ನನ್ನದಲ್ಲ, ನನ್ನದಲ್ಲ ಎಂದು ಹೇಳಿಕೊಳ್ಳುತ್ತ ಕೂತೆ. ನರ್ಸುಗಳು ಓಡಾಡುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಒಳಗಿನ ಯಂತ್ರದ ಸದ್ದು ಬರುತ್ತಿತ್ತು. ಒಮ್ಮೆ ಎದ್ದು ನಿಂತೆ, ಮತ್ತೆ ಕೂತೆ. ಡಿಯೊಲಿಂಡಾ, "ಬಾಯಾರಿಕೆನಾ? ನೀರು ಕುಡಿ" ಎಂದಳು.

ಆಮೇಲೆ ಒಬ್ಬ ನರ್ಸ್ ನಿನ್ನ ಅಮ್ಮನ ಬಟ್ಟೆಗಳನ್ನು ಚೀಲದಲ್ಲಿ ಹಾಕಿ ತಂದುಕೊಟ್ಟಳು. ಜೊತೆಗೆ ಒಂದು ಪುಟ್ಟ ತಗಡಿನ ಡಬ್ಬಿ. "ಇದು ಒಳಲಂಗದ ಜೇಬಿನಲ್ಲಿ ಪಿನ್ನು ಹಾಕಿ ಇಟ್ಕೊಂಡಿದ್ರು." ನೂಲಿಗೆ ಹಚ್ಚುವ ಮೇಣದ ಡಬ್ಬಿ ಅದು, ನಮ್ಮ ಮೂವರ ಹತ್ತಿರವೂ ಅಂಥದೇ ಒಂದೊಂದು ಇದೆ. ಡಿಯೊಲಿಂಡಾ ಮುಚ್ಚಳ ತೆಗೆದಳು. ಮೇಣ ಇರಲಿಲ್ಲ. ಬಿಳಿ ಮಾತ್ರೆ ಒಂದಿಷ್ಟು, ಹಳದಿ ಒಂದಿಷ್ಟು. ಒಂದು ಚೀಟಿಯಲ್ಲಿ ನಿನ್ನ ಅಮ್ಮನ ಬರಹ: ಬೆಳಿಗ್ಗೆ ಬಿಳಿ, ರಾತ್ರಿ ಹಳದಿ.

"ಇದು ಅವಳದ್ದಲ್ಲ. ಯಾರದ್ದೋ ಅದಲು ಬದಲಾಗಿದೆ" ಎಂದಳು ಡಿಯೊಲಿಂಡಾ.

ನನಗೆ ಆಗ ಗೊತ್ತಾಯಿತು. ಚೀಲಕ್ಕೆ ಬೆಂಕಿ ಇಟ್ಟವಳು, ನರ್ಸಿನ ಎದುರು ಚೀಟಿ ಹರಿದವಳು, ಯಾವ ಮುಖದಿಂದ ನಮ್ಮೆದುರು ಮಾತ್ರೆ ನುಂಗಿಯಾಳು? ಆಗಸ್ಟ್‌ನಿಂದ ತಿಂಗಳಿಗೊಮ್ಮೆ ಪಕ್ಕದೂರಿಗೆ ನೂಲು ತರಲು ಒಬ್ಬಳೇ ಹೋಗುತ್ತಿದ್ದಳು, 'ನಾನೂ ಬರ್ತೀನಿ' ಎಂದರೆ ಬೇಡ ಅನ್ನುತ್ತಿದ್ದಳು. ಅವಳ ಬಿಪಿಯನ್ನು ಮಾತ್ರೆ ಒಂದು ಕಡೆಯಿಂದ ಇಳಿಸುತ್ತಿತ್ತು, ನಾನು ಇನ್ನೊಂದು ಕಡೆಯಿಂದ ಇಳಿಸಿದ್ದೆ.

ಎದ್ದು ಹೋಗಿ ತಡೆಬಾಗಿಲು ತಳ್ಳಿದೆ. ಯಾರೋ ಬರಬಾರದು ಎಂದರು, ಕೇಳಿಸಿಕೊಳ್ಳಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲೆ ಡಬ್ಬಿಯನ್ನೂ ಒದ್ದೆ ಕಟ್ಟನ್ನೂ ಇಟ್ಟು, "ಇದು ಅವಳು ನುಂಗಿದ್ದು, ಇದು ನಾನು ಕುಡಿಸಿದ್ದು" ಎಂದೆ. ಅವಳು ಬೈಯಲಿಲ್ಲ. ಎಷ್ಟು ದಿನ, ಎಷ್ಟು ಹಿಡಿ, ಎಷ್ಟು ಜಗ್ಗು, ಕೊನೆಯದು ಎಷ್ಟು ಹೊತ್ತಿಗೆ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಎದ್ದು ಹೋಗುವಾಗ, "ಬಂದ ತಕ್ಷಣ ಇದನ್ನ ಹೇಳಿದ್ರೆ..." ಎಂದಳು. ಮಾತು ಮುಗಿಸದೆ ಒಳಗೆ ಓಡಿದಳು. ಗಡಿಯಾರ ನೋಡಿದೆ. ಅವಳು ಕೇಳಿ ನಾನು ಹೇಳುವುದಕ್ಕೆ ನಲವತ್ತು ನಿಮಿಷ ಆಗಿತ್ತು.

ಹಿಂದೆ ತಿರುಗಿದರೆ ಡಿಯೊಲಿಂಡಾ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹೆದರಿದ್ದ ಹಾಗೆಯೇ ಆಯಿತು, ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಬಟ್ಟೆಯ ಚೀಲ ಇಟ್ಟುಕೊಂಡು ಕೂತಳು. ಅಂದಿನಿಂದ ಈ ಬೆಳಿಗ್ಗೆಯವರೆಗೆ ನನಗೆ ಊಟ ಬಡಿಸಿದಳು, ಹಾಸಿಗೆ ಹಾಸಿದಳು, ಮಾತನಾಡಲಿಲ್ಲ.

ನಿನ್ನ ಅಮ್ಮ ಕಣ್ಣು ತೆರೆದದ್ದು ಶುಕ್ರವಾರ ಮಧ್ಯಾಹ್ನ. ನನ್ನನ್ನು ಒಳಗೆ ಬಿಟ್ಟರು. ನಾನು ಕಾಲಿನ ಹತ್ತಿರ ನಿಂತು, ಅಳದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಸೊಪ್ಪು, ಸುಳ್ಳು, ನಲವತ್ತು ನಿಮಿಷ, ಎಲ್ಲ. ಅವಳು ಚಾವಣಿ ನೋಡುತ್ತ ಕೇಳಿದಳು.

"ಡಬ್ಬಿ ಎಲ್ಲಿದೆ?"

"ಡಾಕ್ಟರಮ್ಮನ ಹತ್ರ."

"ಡಿಯೊಲಿಂಡಾ ನೋಡಿದ್ಲಾ?"

"ನೋಡಿದ್ಲು."

"ಮಾತ್ರೆ ಅಂತ ಗೊತ್ತಾಯ್ತಾ?"

"ಆಯ್ತು."

"ಥೂ ನಿನ್ನ. ಸತ್ತಿದ್ರೆ ಮಾನನಾದ್ರೂ ಉಳೀತಿತ್ತು" ಎಂದಳು. ಅಷ್ಟೇ ಅವಳ ಸಿಟ್ಟು. ನನಗೆ ಅದು ಸಾಲಲಿಲ್ಲ, ಸುನಿಲ್ಡಾ. ಅವಳು ಇನ್ನೂ ಬೈಯಲಿ ಎಂದು ನಿಂತೇ ಇದ್ದೆ. ನೀರು ಕೇಳಿದಳು. ಲೋಟ ಕೊಟ್ಟೆ. ಎಡಗೈಯಲ್ಲಿ ಹಿಡಿದಳು, ಲೋಟ ಜಾರಿ ಎದೆಯ ಮೇಲೆ ಬಿತ್ತು. ಇಬ್ಬರೂ ಆ ಕೈಯನ್ನು ನೋಡಿದೆವು.

ಇದೇ ನಿನಗೆ ಹೇಳಲೇಬೇಕಾದ್ದು. ಎಡಗೈಯ ಮೂರು ಬೆರಳು ಹಿಡಿತಕ್ಕೆ ಬರುತ್ತಿಲ್ಲ. ತಲೆಗೆ ರಕ್ತ ತುಂಬ ಹೊತ್ತು ಸರಿಯಾಗಿ ಹೋಗದಿದ್ದರೆ ಹೀಗಾಗುತ್ತದಂತೆ. ಚೆಂಡು ಹಿಸುಕುವುದು, ಹಗ್ಗ ಎಳೆಯುವುದು ಎಂದು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಬರಬಹುದು, ಬರದೆಯೂ ಇರಬಹುದು ಎಂದರು. ಎಡಗೈ ಇಲ್ಲದೆ ನೂಲು ಬಿಗಿಹಿಡಿಯುವುದು ಹೇಗೆ ಎಂದು ನೀನು ಬಲ್ಲೆ. ಡಾಕ್ಟರಮ್ಮನನ್ನು ಹಜಾರದಲ್ಲಿ ತಡೆದು ಕೇಳಿದೆ, "ನಾನು ಸುಮ್ಮನಿದ್ದ ನಲವತ್ತು ನಿಮಿಷದಿಂದ ಹೀಗಾಯ್ತಾ?" "ಹೌದು ಅಂತಲೂ ಹೇಳೋಕಾಗಲ್ಲ ಅಮ್ಮ, ಅಲ್ಲ ಅಂತಲೂ ಹೇಳೋಕಾಗಲ್ಲ" ಎಂದಳು. ಅವಳು ನನಗೆ ಕೊಟ್ಟ ಉತ್ತರವನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ನಿನಗೆ ಬರೆದಿದ್ದೇನೆ.

ಸೋಮವಾರ ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದಳು, ಗಡಿಯಾರ ನೋಡಿ ಮಾತ್ರೆ ಕೊಡಬೇಕು, ಯಾವ ಸೊಪ್ಪೂ ಬೇಡ, ಇವರು ಇನ್ನು ಒಬ್ಬರೇ ಇರಬಾರದು, ಯಾರು ನೋಡಿಕೊಳ್ಳುತ್ತೀರಿ? ನಿನ್ನ ಅಮ್ಮ ಬಲಗೈ ಎತ್ತಿ ನನ್ನನ್ನು ತೋರಿಸಿದಳು. "ಇವಳೇ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ." ಡಾಕ್ಟರಮ್ಮ ನನ್ನನ್ನು ನೋಡಿದಳು. ಡಿಯೊಲಿಂಡಾ ನೆಲ ನೋಡಿದಳು. ನನ್ನ ಬಾಯಿಂದ ಹೂಂ ಬರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಿನ್ನ ಅಮ್ಮ ನಮ್ಮಿಬ್ಬರಿಂದಲೂ ಆಣೆ ಕೇಳಿದಳು. "ಸುನಿಲ್ಡಾಗೆ ಒಂದು ಮಾತು ಹೇಳಿದ್ರೆ ನೋಡಿ. ಕೆಲಸ ಬಿಟ್ಟು ಓಡಿ ಬರ್ತಾಳೆ, ನನ್ನ ಎತ್ಕೊಂಡು ಹೋಗಿ ಆ ಬ್ಯೂನಸ್ ಐರಿಸ್‌ನ ಆರನೇ ಮಹಡೀಲಿ ಕೂರಿಸ್ತಾಳೆ. ಅಲ್ಲಿ ಕೋಳಿ ಕೂಗೋದೂ ಕೇಳಲ್ಲ." ಡಿಯೊಲಿಂಡಾ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಈ ಸಲದ ಸುಮ್ಮನಿರುವಿಕೆ ಬೇರೆ, ಆಣೆ ಇಡಬಾರದೆಂದೇ ಸುಮ್ಮನಿದ್ದೆ. ಅದನ್ನು ಅವಳು ಒಪ್ಪಿಗೆ ಎಂದುಕೊಂಡಳು.

ಇಂದು ಬೆಳಿಗ್ಗೆ ನಾನು ಕಾಗದ ಹುಡುಕುತ್ತಿದ್ದಾಗ ಡಿಯೊಲಿಂಡಾ ಒಂದು ಹೊಸ ಪುಸ್ತಕದಿಂದ ಹಾಳೆ ಹರಿದು ಮೇಜಿನ ಮೇಲಿಟ್ಟಳು. ಅಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು, "ನಲವತ್ತು ನಿಮಿಷ ಅಂತಲೇ ಬರಿ. ಹತ್ತು ಅಂತ ಬರೀಬೇಡ." ಬರೆದಿದ್ದೇನೆ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಅವಳು ಕರಪೆಗುವಾಕ್ಕೆ ಬಂದು ನನ್ನ ಗೋಡೆಯಾಚೆ ಇರಬೇಕು, ಬೆಳಿಗ್ಗೆ ಬಿಳಿ ರಾತ್ರಿ ಹಳದಿ ಮಾತ್ರೆಯನ್ನು ನಾನು ಕೊಡಬೇಕು ಎನ್ನುವುದು ಅವಳ ಆಸೆ. ಬೇಡ, ನಾನು ಬಂದು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಅಂದರೆ ಅವಳ ಬಟ್ಟೆಯನ್ನು ನಾನೇ ಕಟ್ಟಿಡುತ್ತೇನೆ, ಅವಳು ಬೈದರೆ ಬೈಸಿಕೊಳ್ಳುತ್ತೇನೆ. ನೀನು ನನ್ನ ಮೇಲೆ ಸಿಟ್ಟಾದರೆ ಅದನ್ನು ಮರೆಮಾಚಿ ನಯವಾಗಿ ಬರೆಯಬೇಡ. ನಾನು ಅವಳನ್ನು ಪ್ರೀತಿಸುತ್ತೇನೆ ಎಂದು ಇಲ್ಲಿ ಬರೆದರೆ ಅದು ನಿಜವೇ, ಆದರೆ ಆ ಒಂದು ಹಿಡಿ ಸೊಪ್ಪನ್ನು ಬುಟ್ಟಿಯಿಂದ ಕಿತ್ತದ್ದೂ ಅದೇ ಪ್ರೀತಿ. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದೆ ಯೋಚಿಸು. ಹತ್ತು ದಿನಕ್ಕೆಂದು ಬಂದವರು ನಿನ್ನ ಮಾತು ಬರುವವರೆಗೆ ಇಲ್ಲೇ ಇರುತ್ತೇವೆ. ಅಲ್ಲಿಯವರೆಗೆ ಮಾತ್ರೆಗಳನ್ನು ಡಿಯೊಲಿಂಡಾ ಕೊಡುತ್ತಾಳೆ. ನಾನು ನಿನ್ನ ಅಮ್ಮನ ಬೆರಳುಗಳನ್ನು ಒತ್ತುತ್ತೇನೆ, ತಲೆ ಬಾಚುತ್ತೇನೆ, ಕುಡಿಯುವ ನೀರನ್ನು ಮಾತ್ರ ನನ್ನ ಕೈಯಿಂದ ಕೊಡುವುದಿಲ್ಲ. ನಿನ್ನೆ ಅವಳು ಮೂರು ಸಲ ನನ್ನನ್ನೇ ಕೇಳಿದಳು. ಮೂರು ಸಲವೂ ಡಿಯೊಲಿಂಡಾಳನ್ನು ಕರೆದೆ. "ಏನೇ ಇದು ನಾಟಕ" ಎಂದು ನಿನ್ನ ಅಮ್ಮ ಗೊಣಗಿದಳು.

ಈ ಕಾಗದ ಶುಕ್ರವಾರ ಬ್ಯೂನಸ್ ಐರಿಸ್ ಬಸ್ಸಿನ ಚಾಲಕ ವಿದಾಲ್ ಕೈಯಲ್ಲಿ ಬರುತ್ತದೆ. ಅವನು ಮಂಗಳವಾರ ಅಲ್ಲಿಂದ ವಾಪಸು ಹೊರಡುತ್ತಾನೆ, ನಿಲ್ದಾಣಕ್ಕೆ ಹೋಗಿ ಅವನ ಕೈಗೇ ಉತ್ತರ ಕೊಡು.

ಮದ್ರೀನಾ, ಆಶೀರ್ವಾದ ಮಾಡು ಎಂದು ನೀನು ಕೈ ಜೋಡಿಸಿದ ಮೇಲೆ ನಾನು ಹರಸುವುದು ವಾಡಿಕೆ. ಈ ಸಲ ನೀನು ಕೇಳುತ್ತೀಯೋ ಇಲ್ಲವೋ ಗೊತ್ತಿಲ್ಲ. ಕೇಳುವುದಕ್ಕೆ ಮೊದಲೇ ಕೊಟ್ಟುಬಿಟ್ಟಿದ್ದೇನೆ, ಬೇಡವಾದರೆ ಬದಿಗಿಡು. ದೇವರು ನಿನ್ನನ್ನೂ ಇಲಾರಿಯೊನನ್ನೂ ಮಿರ್ನಾಳನ್ನೂ ಕಾಪಾಡಲಿ, ನಿನ್ನ ಕೈ ಮುಟ್ಟಿದವರೆಲ್ಲ ನೆಟ್ಟಗಿರಲಿ.

ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡವಳು,
ಪೋರ್ಫಿರಿಯಾ

ಬೇಗ ಬರೆ ಮಗಳೇ. ಎರಡು ಸಾಲಾದರೂ ಸರಿ, ಬೇಡ ಎಂಬ ಒಂದೇ ಮಾತಾದರೂ ಸರಿ, ಮಂಗಳವಾರದ ಬಸ್ಸಿಗೆ ಕೊಡು.